ಮೊಹರು ನೋಡಿ ಹಣ ಕಟ್ಟಿದವರು

ಮದುವೆ ಮನೆಯೊಂದರಲ್ಲಿ ದಾವತ್ ಮುಗಿದು ಕುರ್ಚಿಗಳನ್ನು ಮಡಚುತ್ತಿದ್ದ ಹೊತ್ತು. ನಮ್ಮ ನೆಂಟರ ಹುಡುಗನೊಬ್ಬ ಪಕ್ಕಕ್ಕೆ ಬಂದು ಕುಳಿತು ಮೊಬೈಲನ್ನು ಮುಂದೆ ಹಿಡಿದ. ‘ಮಾಮೂ, ನೀವು ಓದು ಬರಹ ಮಾಡುವವರು. ಇದನ್ನು ಸ್ವಲ್ಪ ನೋಡಿ. ಇದಕ್ಕೆ ಲೈಸೆನ್ಸ್ ಇದೆಯಂತೆ. ನಂಬಿ ಹಣ ಹಾಕಬಹುದಾ?’

ಪರದೆಯ ಮೇಲೆ ಬಣ್ಣದ ಚಕ್ರವೊಂದು ತಿರುಗುತ್ತಿತ್ತು. ಅದರ ಕೆಳಗೆ ಯಾವುದೋ ದ್ವೀಪದ ಹೆಸರಿನ ಪುಟ್ಟ ಮೊಹರು. ಆ ದ್ವೀಪ ಎಲ್ಲಿದೆ ಎಂದು ಕೇಳಿದೆವು. ಅವನಿಗೆ ಗೊತ್ತಿರಲಿಲ್ಲ. ನಮಗೂ ಗೊತ್ತಿರಲಿಲ್ಲ.

ಹರಾಮ್ ಎಂದು ಒಂದೇ ಮಾತು ಹೇಳಿ ಎದ್ದುಬಿಡಬಹುದಿತ್ತು. ಆದರೆ ಆ ಮಾತು ಅವನಿಗೂ ಗೊತ್ತಿತ್ತು, ಗೊತ್ತಿದ್ದೇ ಕೇಳಿದ್ದ. ಅವನ ಪ್ರಶ್ನೆ ನಂಬಿಕೆಯದು. ಜೂಜು ಎಷ್ಟು ಹಳೆಯದೋ ಈ ಪ್ರಶ್ನೆಯೂ ಅಷ್ಟೇ ಹಳೆಯದು.

ಇಸ್ಲಾಮಿಗೆ ಮುಂಚಿನ ಅರಬರು ಒಂಟೆಯ ಮಾಂಸದ ಪಾಲಿಗಾಗಿ ಬಾಣಗಳನ್ನು ಎತ್ತಿ ಜೂಜಾಡುತ್ತಿದ್ದರು. ಅದೇ ಮೈಸಿರ್. ಬಾಣ ಎತ್ತುವವನು ಮೋಸ ಮಾಡದಂತೆ ನೋಡಿಕೊಳ್ಳಲು ಒಬ್ಬ ಕಾವಲುಗಾರ ನಿಲ್ಲುತ್ತಿದ್ದ. ಅವನ ಹೆಸರು ‘ರಕೀಬ್’. ಉರ್ದು ಗಜಲುಗಳಲ್ಲಿ ಪ್ರೇಮದ ಪ್ರತಿಸ್ಪರ್ಧಿಯಾಗಿ ಬರುವ ರಕೀಬನ ಮೂಲ ಅರ್ಥ ‘ಕಾಯುವವನು’.

ನಮ್ಮ ದೇಶದಲ್ಲಿ ಈ ಕಾವಲನ್ನು ರಾಜ್ಯವೇ ವಹಿಸಿಕೊಂಡ ಉದಾಹರಣೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಅದರ ಹಸ್ತಪ್ರತಿಯನ್ನು 1905ರಲ್ಲಿ ಬೆಳಕಿಗೆ ತಂದವರು ಮೈಸೂರಿನ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅದು ಮುದ್ರಣಗೊಂಡಿತು. ಅದರಲ್ಲಿ ದ್ಯೂತಾಧ್ಯಕ್ಷ ಎಂಬ ಅಧಿಕಾರಿ ಬರುತ್ತಾನೆ. ಜೂಜು ಒಂದೇ ಕಡೆ ನಡೆಯಬೇಕು, ದಾಳಗಳನ್ನು ಅವನೇ ಬಾಡಿಗೆಗೆ ಕೊಡಬೇಕು, ದಾಳ ಬದಲಿಸಿದವನಿಗೆ 12 ಪಣ ದಂಡ. ಗೆದ್ದ ಹಣದಲ್ಲಿ ನೂರಕ್ಕೆ ಐದರಷ್ಟು ಅಧ್ಯಕ್ಷನಿಗೆ ಸಲ್ಲಬೇಕು. ದಾಳ ಸರಕಾರದ್ದು, ಆದ್ದರಿಂದ ನಂಬಿ ಎಂಬುದು ಇದರ ತಾತ್ಪರ್ಯ. ಆದರೆ ಕಾಯುವವನಿಗೂ ಆಟದಲ್ಲಿ ಪಾಲು ಇತ್ತೆಂಬುದನ್ನು ಮರೆಯಬಾರದು.

ನಮ್ಮ ತಂದೆಯವರ ಕಾಲದ ಜೂಜು ‘ಓಸಿ’. ಓಪನ್ ಮತ್ತು ಕ್ಲೋಸ್ ಎಂಬ ಎರಡು ಪದಗಳು ಸೇರಿ ನಮ್ಮೂರುಗಳಲ್ಲಿ ಮಟ್ಕಾಕ್ಕೆ ಆ ಹೆಸರು ಬಂತು. ಅದರ ಹುಟ್ಟು ಮುಂಬೈಯಲ್ಲಿ. ನ್ಯೂಯಾರ್ಕಿನ ಹತ್ತಿ ಮಾರುಕಟ್ಟೆಯ ಆರಂಭದ ಮತ್ತು ಮುಕ್ತಾಯದ ದರಗಳು ಟೆಲಿಪ್ರಿಂಟರಿನಲ್ಲಿ ಬರುತ್ತಿದ್ದವು. ಆ ಅಂಕಿಗಳ ಮೇಲೆ ಜನ ಪಣ ಕಟ್ಟುತ್ತಿದ್ದರು. ಸಾವಿರಾರು ಮೈಲಿ ದೂರದ ಅಂಕಿಯನ್ನು ಇಲ್ಲಿನ ಬುಕ್ಕಿ ತಿದ್ದಲಾರ ಎಂಬುದೇ ಅವರ ಧೈರ್ಯ. 1961ರಲ್ಲಿ ಆ ದರ ಬರುವುದು ನಿಂತಿತು. 1962ರಲ್ಲಿ ಕಲ್ಯಾಣ್‌ಜಿ ಭಗತ್, 1964ರಲ್ಲಿ ರತನ್ ಖತ್ರಿ ತಮ್ಮದೇ ಮಟ್ಕಾ ಆರಂಭಿಸಿದರು. ಅಂಕಿ ಈಗ ದೂರದ ಮಾರುಕಟ್ಟೆಯದಲ್ಲ, ಎದುರಿಗಿದ್ದ ಮನುಷ್ಯನದು. ಆದರೂ ಜನ ಬಿಡಲಿಲ್ಲ. ಅಂಕಿಯ ಮೇಲಿದ್ದ ನಂಬಿಕೆ ವ್ಯಕ್ತಿಯ ಮೇಲೆ ಬಂತು.

1998ರಲ್ಲಿ ಪ್ಲಾನೆಟ್ ಪೋಕರ್ ಎಂಬ ಕಂಪನಿ ಇಂಟರ್‌ನೆಟ್ಟಿನಲ್ಲಿ ನಿಜವಾದ ಹಣದ ಇಸ್ಪೀಟಾಟ ಶುರು ಮಾಡಿತು. ಎಲೆ ಕಲಸುವ ಕೈಯೇ ಕಾಣದು, ನಂಬುವುದು ಹೇಗೆ? ಎಲೆ ಕಲಸುವ ಪ್ರೋಗ್ರಾಮನ್ನು ಬರೆದವರು, ತಮ್ಮಲ್ಲಿ ಮೋಸವಿಲ್ಲ ಎಂದು ತೋರಿಸಲು, ಅದರ ಲೆಕ್ಕವನ್ನೇ ಬಹಿರಂಗಗೊಳಿಸಿದರು. 1999ರಲ್ಲಿ ಅಮೆರಿಕದ ಕೆಲವು ಕಂಪ್ಯೂಟರ್ ತಜ್ಞರು ಅದನ್ನು ಓದಿ ನೋಡಿದರು. 52 ಎಲೆಗಳನ್ನು ಜೋಡಿಸುವ ಬಗೆಗಳ ಸಂಖ್ಯೆ ಬರೆದರೆ 68 ಅಂಕಿಗಳಾಗುತ್ತದೆ. ಈ ಪ್ರೋಗ್ರಾಮ್ ಮಾತ್ರ ಗಡಿಯಾರದ ಕ್ಷಣವನ್ನು ಹಿಡಿದು ಎಲೆ ಕಲಸುತ್ತಿತ್ತು. ದಿನಕ್ಕೆ ಇರುವ ಮಿಲಿಸೆಕೆಂಡುಗಳು 8 ಕೋಟಿ 64 ಲಕ್ಷ, ಅಷ್ಟೇ ಬಗೆಗಳು. ಐದು ಎಲೆ ಗೊತ್ತಾದರೆ ಉಳಿದವರ ಕೈಯಲ್ಲಿ ಏನಿದೆ ಎಂದು ತಜ್ಞರು ಹೇಳಬಲ್ಲವರಾದರು. ಕಂಪನಿಯವರು ಸುಳ್ಳು ಹೇಳಿರಲಿಲ್ಲ. ದಾಳವೇ ದುರ್ಬಲವಾಗಿತ್ತು.

ಎರಡನೆಯ ಕಥೆ 2007ರದು. ಆ್ಯಬ್ಸೊಲ್ಯೂಟ್ ಪೋಕರ್ ಎಂಬಲ್ಲಿ ಒಬ್ಬ ಆಟಗಾರ ನಂಬಲಾರದ ಹಾಗೆ ಗೆಲ್ಲುತ್ತಿದ್ದ. ಸೋತವರಲ್ಲೊಬ್ಬ ತನ್ನ ಆಟದ ದಾಖಲೆ ಕೇಳಿದಾಗ ಕಂಪನಿ ಕಣ್ತಪ್ಪಿ ಎಲ್ಲರ ಎಲೆಗಳಿದ್ದ ಕಡತವನ್ನೇ ಕಳುಹಿಸಿತು. ಆಟಗಾರರೇ ಕೂತು ಲೆಕ್ಕ ಹಾಕಿದರು. ಎದುರಾಳಿಗಳ ಎಲೆ ನೋಡಬಲ್ಲ ಗುಪ್ತ ಖಾತೆಯೊಂದು ಒಳಗಿನಿಂದಲೇ ನಡೆಯುತ್ತಿದ್ದುದು ಬಯಲಾಯಿತು. ಆ ಕಂಪನಿಗೂ ಲೈಸೆನ್ಸ್ ಇತ್ತು. ಕೊಟ್ಟದ್ದು ಕೆನಡಾದ ಕಾನವಾಕೆ ಮೊಹಾಕ್ ಪ್ರದೇಶದ ಆಯೋಗ. 2008ರಲ್ಲಿ ಅದು 5 ಲಕ್ಷ ಡಾಲರ್ ದಂಡ ವಿಧಿಸಿತು. ಆದರೆ ಕಳ್ಳನನ್ನು ಹಿಡಿದದ್ದು ಕಾವಲುಗಾರನಲ್ಲ, ಕಳೆದುಕೊಂಡವರು.

ಮೂರನೆಯದು ಇವೆರಡಕ್ಕಿಂತ ದೊಡ್ಡದು. ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಆಲ್ಡರ್ನಿ ಎಂಬ ದ್ವೀಪವಿದೆ. ಜನಸಂಖ್ಯೆ ಸುಮಾರು 2,000. ಆನ್‌ಲೈನ್ ಜೂಜಿಗೆ ಲೈಸೆನ್ಸ್ ಕೊಡುವುದರಲ್ಲಿ ಅದಕ್ಕೆ ಒಳ್ಳೆಯ ಹೆಸರಿತ್ತು. ಫುಲ್ ಟಿಲ್ಟ್ ಪೋಕರ್ ಎಂಬ ದೊಡ್ಡ ಕಂಪನಿಯ ಮೇಲೆ ಇದ್ದದ್ದು ಅದರ ಮೊಹರು. ಅಲ್ಲಿ ಎಲೆಯಲ್ಲಿ ಮೋಸ ಎಂಬ ದೂರು ಮುಖ್ಯವಾಗಿರಲಿಲ್ಲ. 2011ರ ಏಪ್ರಿಲ್ 15ರಂದು ಅಮೆರಿಕದ ಸರಕಾರ ಕಂಪನಿಯ ಮೇಲೆ ಕ್ರಮ ಕೈಗೊಂಡಿತು. ಜನ ತಮ್ಮ ಹಣ ಕೇಳಿದರು. ಹಣವೇ ಇರಲಿಲ್ಲ. ಸರಕಾರಿ ವಕೀಲರ ಪ್ರಕಾರ, ಮಾರ್ಚ್ ಅಂತ್ಯಕ್ಕೆ ಆಟಗಾರರಿಗೆ ಕೊಡಬೇಕಾದದ್ದು ಸುಮಾರು 39 ಕೋಟಿ ಡಾಲರ್, ಬ್ಯಾಂಕಿನಲ್ಲಿದ್ದದ್ದು ಸುಮಾರು 6 ಕೋಟಿ. ನಾಲ್ಕು ವರ್ಷಗಳಲ್ಲಿ ಮಾಲೀಕರು ಮತ್ತು ನಿರ್ದೇಶಕರು 44 ಕೋಟಿಗೂ ಹೆಚ್ಚು ಹಂಚಿಕೊಂಡಿದ್ದರು. ಆಟಗಾರನ ಖಾತೆಯಲ್ಲಿ ಕಾಣುತ್ತಿದ್ದ ಮೊತ್ತ ಬರೀ ಅಂಕಿ.

ಆಲ್ಡರ್ನಿ ಲೈಸೆನ್ಸನ್ನು ಅಮಾನತು ಮಾಡಿದ್ದು ಜೂನ್ 29ಕ್ಕೆ, ರದ್ದು ಮಾಡಿದ್ದು ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಹೊಲ ಮೇಯ್ದು ಆಗಿತ್ತು. 2012ರಲ್ಲಿ ಪ್ರತಿಸ್ಪರ್ಧಿ ಕಂಪನಿಯೊಂದು ಅದನ್ನು ಕೊಂಡಿತು, ಆದ್ದರಿಂದ ಜನರಿಗೆ ಹಣ ಮರಳುವ ದಾರಿಯಾಯಿತು. ಅಮೆರಿಕದ ಆಟಗಾರರಿಗೆ ಅದು ಸಿಗಲಾರಂಭಿಸಿದ್ದು 2014ರ ಫೆಬ್ರವರಿಯಲ್ಲಿ. ಇಂಥ ಅದೃಷ್ಟ ಎಲ್ಲ ಕಂಪನಿಯ ಗಿರಾಕಿಗಳಿಗೂ ಇರುವುದಿಲ್ಲ.

ಈ ಮೂರು ಕಥೆಗಳಿಂದ ನಮಗೆ ತಿಳಿದದ್ದು ಇಷ್ಟು. ಮೊಹರು ನೋಡುವವನು ದಾಳದ ಬಗ್ಗೆ ಕೇಳುತ್ತಾನೆ. ಆದರೆ ಕೇಳಬೇಕಾದ್ದು ಪೆಟ್ಟಿಗೆಯ ಬಗ್ಗೆ: ನನ್ನ ಹಣ ಯಾರ ಹೆಸರಿನಲ್ಲಿದೆ, ಕೇಳಿದ ದಿನ ಕೊಡುವವರು ಯಾರು, ಕೊಡದಿದ್ದರೆ ಯಾವ ನ್ಯಾಯಾಲಯಕ್ಕೆ ಹೋಗಲಿ?

ಕೊನೆಯ ಪ್ರಶ್ನೆಗೆ ನಮ್ಮ ದೇಶದಲ್ಲಿ ಉತ್ತರ ಎಂದೋ ಸಿಕ್ಕಿದೆ. 1872ರ ಭಾರತೀಯ ಕರಾರು ಕಾಯಿದೆಯ 30ನೇ ಕಲಮಿನಂತೆ ಪಣದ ಕರಾರು ಅಸಿಂಧು. ಪಣದಲ್ಲಿ ಗೆದ್ದ ಹಣಕ್ಕಾಗಿ ದಾವೆ ಹೂಡುವಂತಿಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯಿದೆಯನ್ನು ಅಂಗೀಕರಿಸಿತು. ಆಡಿಸುವವರಿಗೆ, ಜಾಹೀರಾತು ಕೊಡುವವರಿಗೆ ಅದರಲ್ಲಿ ಶಿಕ್ಷೆಯಿದೆ, ಆಡುವವನಿಗಿಲ್ಲ. ಅವನನ್ನು ಕಾನೂನು ನೊಂದವನೆಂದೇ ನೋಡುತ್ತದೆ.

ಎಲ್ಲ ಸರಿಯಿದ್ದರೂ ಏನಾಗುತ್ತದೆ? ನಾವು ಹುಡುಗನಿಗೆ ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದೆವು. ಯುರೋಪಿನ ರೂಲೆಟ್ ಚಕ್ರದಲ್ಲಿ 37 ಮನೆಗಳು. ಎಲ್ಲ ಮನೆಗೂ 100 ರೂಪಾಯಿಯಂತೆ ಕಟ್ಟಿದರೆ 3,700. ಚೆಂಡು ಎಲ್ಲಿಯೇ ನಿಲ್ಲಲಿ, ಕೈಗೆ ಬರುವುದು 3,600. ಇದು ಮೋಸವಿಲ್ಲದ ಚಕ್ರ.

ಹುಡುಗ ಲೆಕ್ಕವನ್ನು ಎರಡು ಸಲ ನೋಡಿದ. ಆಮೇಲೆ ತಲೆ ತಗ್ಗಿಸಿ ಹೇಳಿದ: ‘ಮಾಮೂ, ಹಾಕಿ ಆಗಿದೆ. ಹದಿನೆಂಟು ಸಾವಿರ. ಗೆದ್ದಿದ್ದೀಯಾ ಅಂತ ತೋರಿಸ್ತಿದೆ. ತೆಗೆಯಬೇಕಾದರೆ ಮೊದಲು ಟ್ಯಾಕ್ಸ್ ಕಟ್ಟು ಅಂತಿದ್ದಾರೆ. ಅದಕ್ಕೇ ಕೇಳಿದೆ.’

ಇನ್ನೊಂದು ಪೈಸೆಯನ್ನೂ ಕಟ್ಟಬೇಡ ಎಂದೆವು. ಅಲ್ಲಿಂದಲೇ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿದೆವು. ಅವನ ಹದಿನೆಂಟು ಸಾವಿರ ಇನ್ನೂ ಬಂದಿಲ್ಲ. ಟ್ಯಾಕ್ಸಿನ ಹೆಸರಿನಲ್ಲಿ ಹೋಗಬೇಕಿದ್ದ ಹಣ ಮಾತ್ರ ಮನೆಯಲ್ಲೇ ಉಳಿಯಿತು.