ಸ್ತ್ರೀಯರ ದೂರಪ್ರಯಾಣವೂ ಮಧುಗಿರಿಯ ದುರ್ಗವೂ

ಮನೆಯ ಹೊಸ್ತಿಲನ್ನು ದಾಟಿ ದೂರದೇಶಗಳಿಗೆ ಹೋದ ಗಂಡಸರ ವೃತ್ತಾಂತಗಳು ಕನ್ನಡನಾಡಿನ ಶಾಸನಗಳಲ್ಲಿಯೂ ಬಖೈರುಗಳಲ್ಲಿಯೂ ಯಥೇಚ್ಛವಾಗಿ ದೊರೆಯುತ್ತವೆ. ದಂಡಿನೊಡನೆ ಹೋದವರು, ವ್ಯಾಪಾರಕ್ಕೆ ಹೋದವರು, ಕಾಶೀಯಾತ್ರೆಗೆ ಹೋದವರು, ಎಲ್ಲರಿಗೂ ಚರಿತ್ರೆಯಲ್ಲಿ ಸ್ಥಾನವುಂಟು. ಅದೇ ದಾರಿಯನ್ನು ತುಳಿದ ಹೆಂಗಸರ ಸುದ್ದಿಯಾದರೋ ಅಲ್ಲೊಂದು ಇಲ್ಲೊಂದು ಸಾಲಿನಲ್ಲಿ ಮಾತ್ರ ಕಾಣಬರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯಿಂದ ಕಲ್ಯಾಣಕ್ಕೂ, ಕಲ್ಯಾಣದಿಂದ ಶ್ರೀಶೈಲಕ್ಕೂ ಏಕಾಕಿನಿಯಾಗಿ ನಡೆದ ಅಕ್ಕಮಹಾದೇವಿಯನ್ನು ಲೋಕವು ಶರಣೆಯೆಂದು ಪೂಜಿಸಿತೇ ಹೊರತು, ಆ ನಡೆಯನ್ನು ಸಾಮಾನ್ಯ ಸ್ತ್ರೀಯರಿಗೆ ಮಾದರಿಯೆಂದು ಹೇಳಲಿಲ್ಲ. ಸಾಮಾನ್ಯ ಹೆಂಗಸು ಪರಸ್ಥಳದಲ್ಲಿ ಯಾರ ಆಶ್ರಯದಿಂದ ಕ್ಷೇಮವಾಗಿರಬೇಕು, ಆ ಆಶ್ರಯಕ್ಕಾಗಿ ಏನು ಬೆಲೆ ತೆರಬೇಕು ಎಂಬ ಪ್ರಶ್ನೆಯು ಹಳೆಯದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಬಹು ಸ್ಪಷ್ಟವಾದ ಉತ್ತರವೊಂದು ಅಡಗಿದೆ.

ಈ ನಾಲ್ಕು ಸೀಮೆಗಳೂ ಮೊದಲಿನಿಂದ ದಾರಿಯ ನಾಡು. ಬೆಂಗಳೂರಿನಿಂದ ತುಮಕೂರು, ಸಿಬಿ, ಶಿರಾಗಳ ಮೇಲೆ ಹಿರಿಯೂರು, ಚಿತ್ರದುರ್ಗಗಳನ್ನು ಹಾಯ್ದು ಪುಣೆಗೆ ಹೋಗುವ ಹೆದ್ದಾರಿಯು ಇದರ ಪಶ್ಚಿಮದ ಅಂಚಿನಲ್ಲಿ ಸಾಗುತ್ತದೆ. ಸಿಬಿಯ ನರಸಿಂಹಸ್ವಾಮಿಯ ಸ್ಥಳಪುರಾಣವು ಎತ್ತಿನ ಮೇಲೆ ಧಾನ್ಯವನ್ನು ಹೇರಿಕೊಂಡು ಬಂದು ಅಲ್ಲಿ ತಂಗಿದ ವರ್ತಕನೊಬ್ಬನ ಕಥೆಯಿಂದಲೇ ಪ್ರಾರಂಭವಾಗುತ್ತದೆ. 1638ರಲ್ಲಿ ಶಿರಾ ಬಿಜಾಪುರದವರ ವಶವಾಯಿತು. 1687ರಲ್ಲಿ ಮೊಗಲರು ಅದನ್ನು ಒಂದು ಸುಬೆಯ ರಾಜಧಾನಿಯನ್ನಾಗಿ ಮಾಡಿ, ಬಸವಾಪಟ್ಟಣ, ಬೂದಿಹಾಳು, ಪೆನುಗೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರಗಳನ್ನು ಶಿರಾದೊಡನೆ ಸೇರಿಸಿ ಏಳು ಪರಗಣೆಗಳ ಆಡಳಿತವನ್ನು ಅಲ್ಲಿಂದ ನಡೆಸಿದರು. ಪೂರ್ವದಲ್ಲಿ ಮಧುಗಿರಿ, ಚೆನ್ನರಾಯನದುರ್ಗ, ಪಾವಗಡಗಳ ಬೆಟ್ಟಗಳು ಒಂದೊಂದೂ ಒಂದು ಕೋಟೆಯನ್ನು ಹೊತ್ತು ನಿಂತಿದ್ದವು. ದಾರಿ ಒಬ್ಬನದು, ದುರ್ಗ ಇನ್ನೊಬ್ಬನದು, ಸುಂಕ ಮತ್ತೊಬ್ಬನದು ಎಂಬಂತಿದ್ದ ಆ ಕಾಲದಲ್ಲಿ ಪ್ರಯಾಣಿಕನ ಕ್ಷೇಮವು ದಿನಕ್ಕೊಬ್ಬ ಒಡೆಯನ ಕೈಯಲ್ಲಿದ್ದಿತು.

ಆದುದರಿಂದ ಒಬ್ಬಂಟಿಯಾಗಿ ಹೊರಡುವವರೇ ಅಪರೂಪ. ಹೇರೆತ್ತಿನ ಗುಂಪೋ, ಯಾತ್ರಿಕರ ಪರಿಷೆಯೋ, ಮದುವೆಯ ದಿಬ್ಬಣವೋ ಹೊರಡುವುದನ್ನು ಕಾದು ಅದರ ಜೊತೆಗೆ ಸೇರಿಕೊಳ್ಳುವುದು ರೂಢಿಯಾಗಿದ್ದಿತು. ಹಗಲು ಅರವಟ್ಟಿಗೆಯ ನೀರು, ರಾತ್ರಿ ಛತ್ರದ ಜಗಲಿ, ದಾರಿಯುದ್ದಕ್ಕೂ ಜೊತೆಗಾರರ ಮಾತು, ಇವಿಷ್ಟೇ ಬಡವರ ರಕ್ಷೆ. ಆದರೆ ಜೊತೆಯೇ ಅಪಾಯವಾಗಬಹುದೆಂಬುದಕ್ಕೆ ಠಕ್ಕರ ಅಥವಾ ಫಾಂಸಿಗಾರರ ವೃತ್ತಾಂತವು ಸಾಕ್ಷಿಯಾಗಿದೆ. ಮದರಾಸಿನ ವೈದ್ಯನಾದ ಷೇರ್‌ವುಡ್ಡನು 1816ರಲ್ಲಿ ದಕ್ಷಿಣದೇಶದ ಫಾಂಸಿಗಾರರನ್ನು ಕುರಿತು ಬರೆದ ಪ್ರಬಂಧವು 1820ರಲ್ಲಿ ಅಚ್ಚಾಯಿತು. ಚಿತ್ತೂರಿನ ಪಾಳೆಯಗಾರರ ಸೀಮೆ, ಬಾರಾಮಹಲು ಮೊದಲಾದ ಕಡೆಗಳಲ್ಲಿ ಇವರು ಸಭ್ಯ ಪ್ರಯಾಣಿಕರಂತೆ ವೇಷ ಧರಿಸಿ, ಛತ್ರಗಳಲ್ಲಿ ಪರಿಚಯ ಬೆಳೆಸಿ, ಕಳ್ಳರ ಭಯವನ್ನೇ ನೆಪಮಾಡಿಕೊಂಡು ಒಟ್ಟಿಗೆ ಹೋಗೋಣವೆಂದು ನಂಬಿಸಿ, ನಿರ್ಜನಪ್ರದೇಶದಲ್ಲಿ ಕೊರಳಿಗೆ ಉರುಲು ಬಿಗಿಯುತ್ತಿದ್ದರು. ಹೆಂಗಸನ್ನು ಕೊಲ್ಲಬಾರದೆಂಬುದು ಅವರ ಕುಲನಿಯಮವೆಂದು ಹೇಳಿಕೆಯುಂಟು. ಆದರೆ ಒಡವೆಯ ಆಶೆಯ ಮುಂದೆ ಆ ನಿಯಮವು ನಿಲ್ಲಲಿಲ್ಲ. 1836ರ ಕಾಯಿದೆಯು ಠಕ್ಕರ ಗುಂಪಿಗೆ ಸೇರಿದವನೆಂದು ಸಿದ್ಧವಾದರೆ ಸಾಕು, ಆಜೀವ ಸೆರೆ ಎಂದು ವಿಧಿಸಿತು. ಈ ವೃತ್ತಾಂತದಿಂದ ತಿಳಿಯಬೇಕಾದ ಸಂಗತಿಯು ಒಂದು: ಭಯದಲ್ಲಿರುವ ಪ್ರಯಾಣಿಕನಿಗೆ ಅಭಯವನ್ನು ಹೇಳುತ್ತ ಬರುವವನನ್ನೇ ಮೊದಲು ಪರೀಕ್ಷಿಸಬೇಕು.

ಶಿರಾ ಸುಬೆಯ ಕಾಲದಲ್ಲಿ ವಿಧವೆಯೊಬ್ಬಳು ಇದನ್ನು ಬೇರೊಂದು ರೀತಿಯಲ್ಲಿ ಅನುಭವಿಸಿದಳು. ಅವಳ ಗಂಡ ಫತೇ ಮಹಮ್ಮದನು ಶಿರಾದ ಸುಬೇದಾರನ ಸೇವೆಯಲ್ಲಿದ್ದು ಯುದ್ಧದಲ್ಲಿ ಮಡಿದನು. ಹೆಂಡತಿಯೂ ಇಬ್ಬರು ಎಳೆಯ ಮಕ್ಕಳೂ ಆಗ ದೊಡ್ಡಬಳ್ಳಾಪುರದಲ್ಲಿದ್ದರು. ಯಾರ ಮನೆತನಕ್ಕಾಗಿ ಗಂಡನು ಪ್ರಾಣಕೊಟ್ಟನೋ ಆ ಮನೆತನದ ಅಬ್ಬಾಸ್ ಕುಲೀಖಾನನೇ ಸಾಲದ ಬಾಕಿಯ ನೆಪದಿಂದ ಅವರ ಸರ್ವಸ್ವವನ್ನೂ ಕಿತ್ತುಕೊಂಡನು. ಮಕ್ಕಳನ್ನು ನಗಾರಿಯೊಳಗೆ ತುರುಕಿ, ಮೇಲೆ ಚರ್ಮವನ್ನು ಬಿಗಿದು ಹಿಂಸಿಸಿ, ಹಣವನ್ನು ಹೊರಡಿಸಿದನೆಂದು ವಿಲ್ಕ್ಸನು ಬರೆದಿದ್ದಾನೆ. ಆ ತಾಯಿಯು ಮಕ್ಕಳನ್ನು ಕರೆದುಕೊಂಡು ಬೆಂಗಳೂರಿನಲ್ಲಿದ್ದ ತನ್ನ ಸಹೋದರನ ಆಶ್ರಯವನ್ನು ಸೇರಿದಳು. ಮಕ್ಕಳಲ್ಲಿ ಕಿರಿಯವನೇ ಹೈದರಾಲಿ. ಅವನು 1761ರಲ್ಲಿ ಶಿರಾದ ನವಾಬನೆಂಬ ಬಿರುದನ್ನು ಪಡೆದು ದೊಡ್ಡಬಳ್ಳಾಪುರದ ಮೇಲೆ ಬಂದಾಗ ಅಬ್ಬಾಸ್ ಕುಲೀಖಾನನು ಮದರಾಸಿಗೆ ಓಡಿಹೋದನು. ಬಾಲ್ಯದ ಆ ನೋವನ್ನು ಹೈದರನು ಮೂವತ್ತು ವರ್ಷ ಮರೆಯಲಿಲ್ಲ.

ಹೀಗಿದ್ದೂ, ಎರಡೇ ವರ್ಷಗಳಲ್ಲಿ ಇನ್ನೊಬ್ಬ ತಾಯಿಗೂ ಮಗನಿಗೂ ಅವನೇ ಸೆರೆಮನೆಯನ್ನು ಗೊತ್ತುಮಾಡಿದನು. ಕೆಳದಿಯ ಬಸಪ್ಪನಾಯಕನ ವಿಧವೆಯಾದ ವೀರಮ್ಮಾಜಿಯು 1757ರಿಂದ ದತ್ತುಪುತ್ರ ಸೋಮಶೇಖರನ ಹೆಸರಿನಲ್ಲಿ ಬಿದನೂರಿನಲ್ಲಿ ರಾಜ್ಯವಾಳುತ್ತಿದ್ದಳು. 1763ರಲ್ಲಿ ಹೈದರನು ಬಿದನೂರಿಗೆ ಮುತ್ತಿಗೆ ಹಾಕಲು ರಾಣಿಯು ಬಲ್ಲಾಳರಾಯನದುರ್ಗಕ್ಕೆ ಹೋಗಿ ಅಲ್ಲಿ ಸೆರೆಸಿಕ್ಕಳು. ಅಲ್ಲಿಂದ ಅವಳನ್ನೂ ಮಗನನ್ನೂ ನೂರು ಮೈಲಿಗಿಂತ ಹೆಚ್ಚು ದೂರದ ಮಧುಗಿರಿಗೆ ಕಳುಹಿಸಲಾಯಿತು. ಈ ಊರಿಗೆ ಆಗ ಮದ್ದಗಿರಿಯೆಂಬ ಹೆಸರು. ಮಧುಗಿರಿಯೆಂಬುದು 1927ರಲ್ಲಿ ಬಂದುದು. ಮಳೆ ತೊಟ್ಟಿಕ್ಕುವ ಮಲೆನಾಡಿನಲ್ಲಿ ಆಳಿದ ಹೆಂಗಸಿಗೆ ಒಂದೇ ಬಂಡೆಯಾಗಿ ಸುಮಾರು 3,900 ಅಡಿಗಳವರೆಗೆ ಏರಿ ನಿಂತ ಬಯಲುಸೀಮೆಯ ಈ ದುರ್ಗವು ಪರದೇಶವಲ್ಲದೆ ಮತ್ತೇನು? ಸೆರೆಯೆಂದರೂ ಅದು ರಾಜಸ್ತ್ರೀಗೆ ತಕ್ಕ ರಕ್ಷಣೆಯೆಂದೇ ಅಂದಿನ ರಾಜನೀತಿಯು ಹೇಳಿಕೊಳ್ಳುತ್ತಿದ್ದಿತು. ಕಾವಲಿಗೆ ಕೊರತೆಯಿರಲಿಲ್ಲ. ಕಳ್ಳರ ಭಯವಾಗಲಿ ಕಾಡುಮೃಗಗಳ ಭಯವಾಗಲಿ ಇರಲಿಲ್ಲ. ಬಾಗಿಲೊಂದು ಮಾತ್ರ ಒಳಗಿನಿಂದ ತೆರೆಯುತ್ತಿರಲಿಲ್ಲ.

1767ರಲ್ಲಿ ಪೇಶ್ವೆ ಮಾಧವರಾಯನು ದೊಡ್ಡ ಸೈನ್ಯದೊಡನೆ ಬಂದನು. ಶಿರಾದ ಅಧಿಕಾರಿಯೂ ಹೈದರನ ಭಾವಮೈದುನನೂ ಆದ ಮೀರ್ ಅಲೀ ರಜಾಖಾನನು ಕೋಟೆಯನ್ನು ಒಪ್ಪಿಸಿದನು. ಬಳಿಕ ಮಧುಗಿರಿಯು ಬಿದ್ದಿತು. ರಾಣಿಗೂ ಮಗನಿಗೂ ಬಿಡುಗಡೆಯಾಯಿತೆಂದು ಚರಿತ್ರಕಾರರು ಸಂತೋಷದಿಂದ ಬರೆಯುತ್ತಾರೆ. ಆದರೆ ಬಿಡುಗಡೆಯಾದವರು ಹೊರಟ ದಿಕ್ಕನ್ನು ವಾಚಕರು ಗಮನಿಸಬೇಕು. ಅವರ ನಾಡಿದ್ದುದು ಪಶ್ಚಿಮದ ಮಲೆನಾಡಿನಲ್ಲಿ. ಮರಾಠರು ಅವರನ್ನು ಕಳುಹಿಸಿದುದು ಉತ್ತರಕ್ಕೆ, ಪುಣೆಗೆ. ರಾಣಿಯು ದಾರಿಯಲ್ಲಿಯೇ ಮೃತಳಾದಳೆಂದು ಕೆಳದಿಯ ಇತಿಹಾಸವನ್ನು ಬರೆದವರು ಹೇಳುತ್ತಾರೆ. ನಾಲ್ಕು ವರ್ಷಗಳಲ್ಲಿ ಎರಡು ಸಾರಿ ಅವಳು ದೂರಪ್ರಯಾಣ ಮಾಡಿದಳು. ಒಮ್ಮೆ ಶತ್ರುವಿನ ಕಾವಲಿನಲ್ಲಿ, ಒಮ್ಮೆ ಮಿತ್ರನ ಕಾವಲಿನಲ್ಲಿ. ಎರಡು ಸಾರಿಯೂ ದಾರಿಯನ್ನು ಗೊತ್ತುಮಾಡಿದವರು ಬೇರೆಯವರು.

ಇಲ್ಲಿಯೇ ಈ ಸೀಮೆಯ ಚರಿತ್ರೆಯು ಕೊಡುವ ಉತ್ತರವಿರುವುದು. ಕ್ಷೇಮವೆಂಬುದಕ್ಕೆ ಎರಡು ಅಂಗಗಳುಂಟು. ದೇಹಕ್ಕೆ ಅಪಾಯವಾಗದಿರುವುದು ಒಂದು. ಹೊರಡುವ, ನಿಲ್ಲುವ, ಹಿಂದಿರುಗುವ ಅಧಿಕಾರವು ತನ್ನ ಕೈಯಲ್ಲಿರುವುದು ಇನ್ನೊಂದು. ಎರಡನೆಯದನ್ನು ಕಿತ್ತುಕೊಂಡು ಮೊದಲನೆಯದನ್ನು ಕೊಡುವವನು ರಕ್ಷಕನಲ್ಲ, ಒಡೆಯನು. ಮುಂದಿನ ಕಾಲದಲ್ಲಿ ಕನ್ನಡನಾಡಿನ ಸ್ತ್ರೀಯರು ಸಮುದ್ರವನ್ನು ದಾಟಿದಾಗಲೂ ವ್ಯಾಜ್ಯವು ನಡೆದುದು ಈ ಎರಡನೆಯ ಅಂಗವನ್ನು ಕುರಿತೇ.

ಪಂಡಿತಾ ರಮಾಬಾಯಿಯವರು 1858ರಲ್ಲಿ ಸಹ್ಯಾದ್ರಿಯ ಗಂಗಾಮೂಲದ ಕಾಡಿನಲ್ಲಿ ಜನಿಸಿದರು. ಕಾರ್ಕಳದ ಬಳಿಯ ಮಾಳದವರಾದ ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಹೆಂಡತಿಗೆ ಸಂಸ್ಕೃತವನ್ನು ಕಲಿಸಿ ಜನರ ವಿರೋಧಕ್ಕೆ ಗುರಿಯಾಗಿದ್ದರು. ಎಳೆಯ ಕೂಸಾಗಿದ್ದಾಗಲೇ ರಮಾಬಾಯಿಯವರು ಬೆತ್ತದ ಬುಟ್ಟಿಯಲ್ಲಿ ಯಾತ್ರೆ ಹೊರಟರು. ಕ್ಷಾಮಕಾಲದಲ್ಲಿ, 1874ರಲ್ಲಿ, ತಂದೆತಾಯಿಗಳು ತೀರಿಕೊಂಡರು. ಅಣ್ಣನೊಡನೆ ಸಾವಿರಾರು ಮೈಲಿ ಕಾಲ್ನಡೆಯಲ್ಲಿ ಅಲೆದು 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. 1880ರಲ್ಲಿ ಅಣ್ಣನೂ, 1882ರಲ್ಲಿ ಪತಿಯೂ ತೀರಿಹೋದರು. 1883ರಲ್ಲಿ ಎಳೆಯ ಮಗಳು ಮನೋರಮೆಯೊಡನೆ ಇಂಗ್ಲೆಂಡಿಗೆ ಹೊರಟಾಗ ಹಡಗಿನ ವೆಚ್ಚವನ್ನು ತಮ್ಮದೇ ಗ್ರಂಥವಾದ ‘ಸ್ತ್ರೀಧರ್ಮನೀತಿ’ಯ ಮಾರಾಟದಿಂದ ಕೂಡಿಸಿದರೆಂಬುದು ಸಣ್ಣ ಸಂಗತಿಯಲ್ಲ. ಪ್ರಯಾಣದ ಹಣವನ್ನು ಕೊಟ್ಟವನು ಪ್ರಯಾಣದ ಮೇಲೆ ಅಧಿಕಾರವನ್ನೂ ಕೇಳುತ್ತಾನೆ.

ಪರದೇಶವಾಸವು ಸುಲಭವಾಗಿರಲಿಲ್ಲ. ಜೊತೆಯಲ್ಲಿ ಬಂದಿದ್ದ ಆನಂದಿಬಾಯಿ ಭಗತರು ಕೆಲವು ತಿಂಗಳಲ್ಲಿಯೇ ಆತ್ಮಹತ್ಯೆ ಮಾಡಿಕೊಂಡರು. ಸುತ್ತ ಸಜ್ಜನರಿದ್ದರೂ ಮನಸ್ಸಿನ ಸಂಕಟವನ್ನು ಸ್ವಂತ ಭಾಷೆಯಲ್ಲಿ ಹೇಳಿಕೊಳ್ಳಲು ಜನರಿಲ್ಲದಿರುವುದು ಎಷ್ಟು ದೊಡ್ಡ ಅಪಾಯವೆಂಬುದನ್ನು ಈ ಮರಣವು ನೆನಪಿಗೆ ತರುತ್ತದೆ. ರಮಾಬಾಯಿಯವರು ಚೆಲ್ಟನ್‌ಹ್ಯಾಮಿನ ಸ್ತ್ರೀಯರ ಕಾಲೇಜಿನಲ್ಲಿ ಸಂಸ್ಕೃತವನ್ನು ಬೋಧಿಸುತ್ತಿದ್ದರು. ಅವರು ಗಂಡುಹುಡುಗರಿಗೆ ಪಾಠ ಹೇಳುವುದು ಉಚಿತವಲ್ಲವೆಂದು ಭಾರತದಲ್ಲಿದ್ದ ಬಿಷಪ್ಪರು ಆಕ್ಷೇಪಿಸಿದಾಗ, ತಾವು ಯಾರ ಕೈಗೂ ತಮ್ಮ ವಿವೇಕವನ್ನು ಒಪ್ಪಿಸಿ ಬಂದವರಲ್ಲವೆಂಬ ಅರ್ಥದ ಪತ್ರಗಳನ್ನು ನಿರ್ಭಯವಾಗಿ ಬರೆದರು. ಅನ್ನವಿಟ್ಟವರಲ್ಲಿ ಕೃತಜ್ಞತೆಯಿದ್ದರೂ ಅವರಿಗೆ ಅಧೀನರಾಗಲಿಲ್ಲ. 1886ರಲ್ಲಿ ಅಮೆರಿಕಕ್ಕೆ ಹೋಗಿ, ಅಲ್ಲಿ ಊರೂರು ಉಪನ್ಯಾಸ ಮಾಡಿ, 1889ರಲ್ಲಿ ತಮ್ಮ ಇಚ್ಛೆಯಿಂದ ಹಿಂದಿರುಗಿ ಮುಂಬಯಿಯಲ್ಲಿ ಶಾರದಾಸದನವನ್ನು ಸ್ಥಾಪಿಸಿದರು.

ಈ ನಡುವೆ ಮೈಸೂರು ದೇಶದ ದಾರಿಗಳೂ ಬದಲಾದುವು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲು ಬಂದಿತು. ಮೈಸೂರಿನಲ್ಲಿ 1881ರಲ್ಲಿ ಪ್ರಾರಂಭವಾದ ಮಹಾರಾಣಿ ಬಾಲಿಕಾ ಪಾಠಶಾಲೆಯು ಕಾಲೇಜಾಗಿ ಬೆಳೆಯಿತು. ಈ ವಿದ್ಯಾಭ್ಯಾಸದ ಫಲವನ್ನು ರಾಜೇಶ್ವರಿಯವರ ಪ್ರಯಾಣದಲ್ಲಿ ಕಾಣಬಹುದು. ಮೈಸೂರು ಸಂಸ್ಥಾನದ ಮೊದಲ ಪದವೀಧರೆಯರಲ್ಲಿ ಒಬ್ಬರಾದ ಕಮಲಮ್ಮ ದಾಸಪ್ಪನವರ ಮೊಮ್ಮಗಳಾದ ಇವರು ಸರ್ಕಾರದ ವಿದ್ಯಾರ್ಥಿವೇತನವನ್ನು ಪಡೆದು, 1947ರ ಜುಲೈ ತಿಂಗಳಿನಲ್ಲಿ, ಮಹಾಯುದ್ಧದಲ್ಲಿ ಸೈನಿಕರನ್ನು ಸಾಗಿಸುತ್ತಿದ್ದ ‘ಮೆರೀನ್ ಆಡರ್’ ಎಂಬ ಹಡಗನ್ನು ಹತ್ತಿದರು. ಆಗ ಅವರಿಗೆ ಇಪ್ಪತ್ತೈದು ವರ್ಷ, ವಿವಾಹವಾಗಿರಲಿಲ್ಲ. ಒಂದು ತಿಂಗಳ ಪ್ರಯಾಣದ ನಂತರ ಅಮೆರಿಕವನ್ನು ಸೇರಿ, ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯುತ್ ಎಂಜಿನಿಯರಿಂಗನ್ನು ಓದಿದರು. ಏಷ್ಯಾಖಂಡದ ಸ್ತ್ರೀಯರಿಗೆಂದೇ 1917ರಲ್ಲಿ ಏರ್ಪಟ್ಟಿದ್ದ ಬಾರ್ಬರ್ ವಿದ್ಯಾರ್ಥಿವೇತನವು ಮುಂದಿನ ವ್ಯಾಸಂಗಕ್ಕೆ ನೆರವಾಯಿತು. 1953ರಲ್ಲಿ ಡಾಕ್ಟರೇಟು ಪಡೆದು ಹಿಂದಿರುಗಿ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಅಧ್ಯಾಪಕರಾದ ರಾಜೇಶ್ವರಿ ಚಟರ್ಜಿಯವರು ಇವರೇ. ಇವರ ಬೆನ್ನಿಗಿದ್ದುದು ಕತ್ತಿ ಹಿಡಿದ ಕಾವಲುಗಾರನಲ್ಲ. ಓದಿದ ಅಜ್ಜಿ, ಸರ್ಕಾರದ ಆಜ್ಞಾಪತ್ರ, ಕಾದು ಬರಮಾಡಿಕೊಳ್ಳುವ ವಿದ್ಯಾಸಂಸ್ಥೆ, ಕೈಯಲ್ಲಿ ತಮ್ಮ ಹೆಸರಿನ ರಹದಾರಿ, ಇವು ನಾಲ್ಕು.

ಆದರೆ ಓದಿದವರ ಭಾಗ್ಯವು ಎಲ್ಲರದಲ್ಲ. ಪಾವಗಡದ ಸುತ್ತ ಆವರಿಸಿರುವ ರಾಯಲಸೀಮೆಯ ಜಿಲ್ಲೆಗಳಿಂದ, ವಿಶೇಷವಾಗಿ ಕಡಪದ ಕಡೆಯಿಂದ, ಕುವೈತು ಮೊದಲಾದ ಕೊಲ್ಲಿ ದೇಶಗಳಿಗೆ ಮನೆಗೆಲಸಕ್ಕಾಗಿ ಹೋಗುವ ಹೆಂಗಸರು ಅನೇಕರು. ಆ ದೇಶಗಳ ಕಫಾಲಾ ಪದ್ಧತಿಯಲ್ಲಿ ಕೆಲಸಗಾರಳ ವಾಸದ ಪರವಾನಗಿಯು ಯಜಮಾನನಿಗೆ ಕಟ್ಟುಬಿದ್ದಿರುತ್ತದೆ. ವಿಮಾನದಿಂದ ಇಳಿದೊಡನೆ ಪಾಸ್‌ಪೋರ್ಟನ್ನು ‘ಜೋಪಾನಕ್ಕಾಗಿ’ ತೆಗೆದುಕೊಂಡು ಬೀಗ ಹಾಕುವ ಯಜಮಾನರ ವಿಷಯವಾಗಿ ದೂರುಗಳು ಬಹುಕಾಲದಿಂದ ಇವೆ. ಮಧುಗಿರಿಯ ದುರ್ಗದ ಬಾಗಿಲಿಗೂ ಈ ಬೀಗಕ್ಕೂ ಭೇದವು ಸ್ವಲ್ಪವೇ. 2015ರಲ್ಲಿ ಕುವೈತು ಮಾಡಿದ 68ನೆಯ ಕಾನೂನು ಹೀಗೆ ಪಾಸ್‌ಪೋರ್ಟನ್ನು ಇಟ್ಟುಕೊಳ್ಳುವುದನ್ನು ನಿಷೇಧಿಸಿತು. ಭಾರತದ 1967ರ ಪಾಸ್‌ಪೋರ್ಟ್ ಕಾಯಿದೆಯ 17ನೆಯ ಕಲಮಿನಂತೆ ಪಾಸ್‌ಪೋರ್ಟು ಸರ್ವದಾ ಕೇಂದ್ರ ಸರ್ಕಾರದ ಸ್ವತ್ತು. ಅದನ್ನು ಯಜಮಾನನು ಒತ್ತೆಯಿಟ್ಟುಕೊಳ್ಳುವುದಕ್ಕೆ ಅಧಿಕಾರವೇ ಇಲ್ಲ.

ಸ್ವದೇಶದ ಸರ್ಕಾರದ ರಕ್ಷಣೆಯಲ್ಲಿಯೂ ಹಳೆಯ ತೊಡಕು ಬೇರೊಂದು ರೂಪದಲ್ಲಿ ತಲೆದೋರಿತು. 1983ರ ವಲಸೆ ಕಾಯಿದೆಯ ವ್ಯವಸ್ಥೆಯಲ್ಲಿ, ಅನುಮತಿ ಪಡೆದೇ ಹೊರಡಬೇಕಾದ ವರ್ಗದ ಸ್ತ್ರೀಯರಿಗೆ ಮೂವತ್ತು ವರ್ಷ ತುಂಬಿರಬೇಕೆಂಬ ನಿಯಮವು 2007ರಲ್ಲಿ ಬಂದಿತು. ಉದ್ದೇಶವು ಒಳ್ಳೆಯದೇ. ಆದರೆ ಬಡತನವು ಮೂವತ್ತು ವರ್ಷ ಕಾಯುವುದಿಲ್ಲ. ರಾಜಮಾರ್ಗವು ಮುಚ್ಚಿದಾಗ ಕೆಲವರು ದಲ್ಲಾಳಿಗಳ ಮಾತನ್ನು ನಂಬಿ, ಸಂದರ್ಶಕರ ವೀಸಾದ ಮೇಲೆ ಅಡ್ಡದಾರಿಯಿಂದ ಹೊರಟುಹೋದರು. ಅಡ್ಡದಾರಿಯಲ್ಲಿ ಹೋದವಳ ಹೆಸರು ಸರ್ಕಾರದ ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ. ಕಷ್ಟಬಂದಾಗ ರಾಯಭಾರ ಕಚೇರಿಗೆ ಅವಳ ಗುರುತೇ ಸಿಕ್ಕುವುದಿಲ್ಲ. ಛತ್ರದಲ್ಲಿ ಅಭಯವನ್ನು ಹೇಳುತ್ತಿದ್ದ ಫಾಂಸಿಗಾರನ ಸ್ಥಾನವನ್ನು ಈಗ ದಲ್ಲಾಳಿಯು ಹಿಡಿದಿದ್ದಾನೆ.

ಈ ವೃತ್ತಾಂತಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದರೆ, ಹೆಂಗಸು ಪರದೇಶಕ್ಕೆ ಹೋಗಬಹುದೇ ಕೂಡದೇ ಎಂಬ ಚರ್ಚೆಯು ವ್ಯರ್ಥವೆಂದು ತೋರುತ್ತದೆ. ಹೆಂಗಸರು ಎಲ್ಲ ಕಾಲದಲ್ಲಿಯೂ ಹೋಗಿದ್ದಾರೆ. ಕೆಲವರು ಮನಸ್ಸಿನಿಂದ, ಕೆಲವರು ಹಸಿವಿನಿಂದ, ಕೆಲವರು ಸೆರೆಯಾಳುಗಳಾಗಿ. ವಿಚಾರಿಸಬೇಕಾದುದು, ಹಿಂದಿರುಗುವ ಉಪಾಯವು ಅವರ ಕೈಯಲ್ಲಿದೆಯೇ ಎಂಬುದನ್ನು. ಕರಾರು ತನಗೆ ತಿಳಿಯುವ ಭಾಷೆಯಲ್ಲಿರುವುದು, ಪಾಸ್‌ಪೋರ್ಟು ತನ್ನ ಬಳಿಯಲ್ಲಿದ್ದು ಅದರ ಪ್ರತಿಯು ಮನೆಯಲ್ಲಿಯೂ ಇರುವುದು, ಹಿಂದಿರುಗುವಷ್ಟು ಹಣವು ತನ್ನ ಹೆಸರಿನಲ್ಲಿರುವುದು, ರಾಯಭಾರ ಕಚೇರಿಯ ವಿಳಾಸವು ಬಾಯಿಪಾಠವಾಗಿರುವುದು, ತನ್ನ ನುಡಿಯನ್ನಾಡುವ ಒಬ್ಬರಾದರೂ ಆ ಊರಿನಲ್ಲಿ ಗೊತ್ತಿರುವುದು, ಇವು ಮದ್ದಗಿರಿಯ ಕಾವಲುಗಾರರಿಗಿಂತ ಬಲವಾದ ರಕ್ಷೆ. ಇವುಗಳಲ್ಲಿ ಒಂದನ್ನಾದರೂ ವೀರಮ್ಮಾಜಿಯು ಪಡೆದಿರಲಿಲ್ಲ. ಇಂದಿನ ಹೆಣ್ಣುಮಗಳು ಪಡೆಯಬಲ್ಲಳು. ಹೊರಡುವ ಮುನ್ನ ಅವನ್ನು ಅವಳ ಕೈಗೆ ಒದಗಿಸಿಕೊಡುವುದು ಮನೆಯವರ ಮತ್ತು ಊರಿನವರ ಕರ್ತವ್ಯವಾಗಿದೆ.