ಗಾಲಿಯ ಓರೆ: ಚಕ್ಕಡಿಯಿಂದ ವಿದ್ಯುತ್ ಕಾರಿನವರೆಗೆ

ವಾಹನಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಅವುಗಳ ವೇಗವನ್ನೂ ಎಳೆಯುವ ಶಕ್ತಿಯನ್ನೂ ಕುರಿತು ವಿಸ್ತಾರವಾಗಿ ಬರೆದಿದ್ದಾರೆ. ಗಾಲಿಯನ್ನು ನೆಲದ ಮೇಲೆ ಸರಿಯಾಗಿ ನಿಲ್ಲಿಸುವವರು ಯಾರು, ಅದು ಓರೆಯಾದಾಗ ತಿದ್ದುವ ಅಧಿಕಾರ ಯಾರದು ಎಂಬ ಪ್ರಶ್ನೆಗಾದರೋ ಅಷ್ಟು ಮಹತ್ವ ದೊರೆತಿಲ್ಲ. ವಿದ್ಯುತ್ ಕಾರಿನ ಹಿಂದಿನ ಗಾಲಿಗಳನ್ನು ಹಿಡಿದಿರುವ ಕಾರ್ಖಾನೆಯ ತೋಳುಗಳನ್ನು ತೆಗೆದು, ಉದ್ದವನ್ನು ಹೆಚ್ಚು ಕಡಿಮೆ ಮಾಡಬಲ್ಲ ಬೇರೆ ತೋಳುಗಳನ್ನು ಕೂಡಿಸುವ ಇತ್ತೀಚಿನ ಪದ್ಧತಿಯನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ವಿಜಯಪುರ ಜಿಲ್ಲೆಯ ಮುಳವಾಡದಂತಹ ಎರೆ ಭೂಮಿಯ ಊರುಗಳಲ್ಲಿ ಈ ಪ್ರಶ್ನೆಗೆ ಹಿಂದೆ ಉತ್ತರ ಸುಲಭವಾಗಿತ್ತು. ಚಕ್ಕಡಿಯನ್ನು ಮಾಡುವವನೂ ತಿದ್ದುವವನೂ ಬಡಿಗನೇ. ಹಳಿಯನ್ನು ಕಾಸಿ ಗಾಲಿಗೆ ಬಿಗಿಯುವಾಗ ಕಂಬಾರ ಅವನಿಗೆ ನೆರವಾಗುತ್ತಿದ್ದ. ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಹಳಿ ಸಡಿಲವಾದರೆ ಗಾಲಿಯನ್ನು ನೀರಿನಲ್ಲಿ ನೆನೆಸಿ ಉಬ್ಬಿಸುತ್ತಿದ್ದರು. ನೊಗದ ಮೇಲೆ ಭಾರ ಹೆಚ್ಚಾದರೆ ಒಕ್ಕಲಿಗನು ಹೇರನ್ನು ಹಿಂದಕ್ಕೆ ಸರಿಸುತ್ತಿದ್ದ. ವಾಹನವು ಸದಾ ತಿದ್ದುಪಡಿಗೆ ಒಳಗಾಗುವ ವಸ್ತು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರಬ್ಬರ್ ಟೈರಿನ ಬಂಡಿಗಳು ಬಂದ ಮೇಲೆ ಎತ್ತುಗಳ ಶ್ರಮ ತಗ್ಗಿತು, ನಿಜ; ಆದರೆ ಅವುಗಳ ಕಬ್ಬಿಣದ ಅಚ್ಚು ಬಡಿಗನ ಉಳಿಗೆ ಸಿಕ್ಕುವಂತಹುದಲ್ಲ.

ಮೋಟಾರು ವಾಹನವು ಇದೇ ದಾರಿಯಲ್ಲಿ ಮುಂದುವರಿಯಿತು. ಇಂದಿನ ಅನೇಕ ಸಣ್ಣ ಕಾರುಗಳಲ್ಲಿ ಎರಡು ಹಿಂಗಾಲಿಗಳನ್ನೂ ಒಂದೇ ಉಕ್ಕಿನ ತೊಲೆ ಜೋಡಿಸುತ್ತದೆ. 2020ರಲ್ಲಿ ಮಾರಾಟಕ್ಕೆ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನಲ್ಲಿರುವುದೂ ಇಂತಹ ತೊಲೆಯೇ. ಇಲ್ಲಿ ಬದಲಾಯಿಸಲು ಬಿಡಿ ತೋಳುಗಳಿಲ್ಲ. ಪ್ರತಿಯೊಂದು ಗಾಲಿಯನ್ನೂ ಹಲವು ತೋಳುಗಳಿಂದ ಪ್ರತ್ಯೇಕವಾಗಿ ಹಿಡಿಯುವ ಕ್ರಮಕ್ಕೆ 1982ರ ಮರ್ಸಿಡಿಸ್ 190 ಕಾರಿನ ಐದು ತೋಳುಗಳ ರಚನೆ ಪ್ರಸಿದ್ಧ ನಿದರ್ಶನ. ನಮ್ಮ ಪ್ರಸ್ತಾಪ ಈ ಜಾತಿಯ ಕಾರುಗಳಿಗೆ ಮಾತ್ರ ಅನ್ವಯಿಸುತ್ತದೆ.

ಕರ್ನಾಟಕಕ್ಕೆ ವಿದ್ಯುತ್ ಕಾರು ಹೊಸದಲ್ಲ. 1994ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರೇವಾ ಸಂಸ್ಥೆಯು 2001ರಲ್ಲಿ ತನ್ನ ಪುಟ್ಟ ಕಾರನ್ನು ಮಾರುಕಟ್ಟೆಗೆ ತಂದಿತು. ಸೀಸದ ಬ್ಯಾಟರಿಗಳನ್ನು ಆಸನಗಳ ಕೆಳಗೆ ಅಡಕಮಾಡಿದ್ದ ಆ ಕಾರು ಲಂಡನ್ನಿನ ಬೀದಿಗಳಲ್ಲಿಯೂ ಓಡಾಡಿತು. 2010ರಲ್ಲಿ ಸಂಸ್ಥೆಯು ಮಹೀಂದ್ರಾ ಸಮೂಹಕ್ಕೆ ಸೇರಿತು. ಅದೇ ಸಮೂಹವು 2024ರ ನವೆಂಬರಿನಲ್ಲಿ ಪ್ರಕಟಿಸಿದ ದೊಡ್ಡ ವಿದ್ಯುತ್ ಕಾರುಗಳ ಹಿಂಗಾಲಿಗಳಿಗೆ ಐದು ತೋಳುಗಳ ರಚನೆಯಿದೆ. ಮುಳವಾಡದ ಹೆಸರು ಇಂದು ಏತ ನೀರಾವರಿ ಯೋಜನೆಯಿಂದ ಪರಿಚಿತ. ಅದೇ ಸೀಮೆಯ ಕೂಡಗಿಯಲ್ಲಿ 2,400 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಸ್ಥಾವರವಿದೆ. ಹೊಗೆಯಿಲ್ಲದ ಕಾರಿನ ವಿದ್ಯುತ್ತು ಕಲ್ಲಿದ್ದಲಿನಿಂದಲೂ ಬರುತ್ತದೆಂಬುದನ್ನು ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ.

ಇನ್ನು ಓರೆಯ ವಿಚಾರ. ದೊಡ್ಡ ವಿದ್ಯುತ್ ಕಾರಿನ ನೆಲಗಟ್ಟಿನಲ್ಲಿ ನೂರಾರು ಕಿಲೋಗ್ರಾಂ ಬ್ಯಾಟರಿ ಇರುತ್ತದೆ. ಸ್ಪ್ರಿಂಗುಗಳು ಕುಸಿದರೆ, ಅಥವಾ ಅಂದಕ್ಕಾಗಿ ಒಡೆಯನೇ ಕಾರನ್ನು ತಗ್ಗಿಸಿದರೆ, ಹಿಂಗಾಲಿಯ ತಲೆ ಒಳಕ್ಕೆ ವಾಲುತ್ತದೆ. ಇದನ್ನು ಕ್ಯಾಂಬರ್ ಎನ್ನುತ್ತಾರೆ. ಗಾಲಿಯ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು ಟೋ. ಎರಡೂ ಕೆಟ್ಟಾಗ ಟೈರಿನ ಒಳಅಂಚು ಕಣ್ಣಿಗೆ ಬೀಳದಂತೆ ಸವೆದು ದಾರ ಹೊರಬರುತ್ತದೆ. ಹೊರಗಿನಿಂದ ನೋಡಿದವನಿಗೆ ಟೈರು ಹೊಸದರಂತೆಯೇ ಇರುತ್ತದೆ. ಹೆದ್ದಾರಿಯಲ್ಲಿ ಅದು ಸಿಡಿದರೆ ಪ್ರಾಣಕ್ಕೇ ಸಂಚಕಾರ. ಕೆಲವು ಕಾರುಗಳಲ್ಲಿ ಕಾರ್ಖಾನೆಯು ಹಿಂಗಾಲಿಯ ಟೋವನ್ನು ತಿದ್ದಲು ಎಡೆಯಿಟ್ಟು ಕ್ಯಾಂಬರನ್ನು ತಿದ್ದಲು ಎಡೆಯಿಟ್ಟಿಲ್ಲ. ಹೊರಗಿನ ತಯಾರಕರ ತೋಳು ಈ ಕೊರತೆಯನ್ನು ತುಂಬುತ್ತದೆ. ಅದರ ಒಂದು ತುದಿಗೆ ಬಲ ತಿರುಪು, ಇನ್ನೊಂದಕ್ಕೆ ಎಡ ತಿರುಪು. ನಡುವಣ ಕೊಳವೆಯನ್ನು ತಿರುಗಿಸಿದರೆ ತೋಳು ಬೆಳೆಯುತ್ತದೆ ಅಥವಾ ಕುಗ್ಗುತ್ತದೆ. ಮೇಲಿನ ತೋಳನ್ನು ತುಸು ಉದ್ದ ಮಾಡಿದರೆ ಗಾಲಿಯ ತಲೆ ಹೊರಕ್ಕೆ ಬಂದು ವಾಲು ಕಡಿಮೆಯಾಗುತ್ತದೆ.

ಕೂಡಿಸುವ ಕೆಲಸದಲ್ಲಿ ಅವಸರ ಸಲ್ಲದು. ಜಾಕನ್ನು ತಯಾರಕರು ಗುರುತಿಸಿದ ಜಾಗಗಳಿಗೆ ಮಾತ್ರ ಕೊಡಬೇಕು. ಬ್ಯಾಟರಿಯ ಅಡಿಗೆ ಕೊಟ್ಟರೆ ಅನಾಹುತ. ಕಿತ್ತಳೆ ಬಣ್ಣದ ತಂತಿಗಳು ಅಧಿಕ ವೋಲ್ಟೇಜಿನವು, ಅವುಗಳ ತಂಟೆಗೆ ಹೋಗಬಾರದು. ಹಳೆಯ ತೋಳನ್ನು ಬಿಚ್ಚಿ, ಅದರ ಎರಡು ರಂಧ್ರಗಳ ನಡುವಿನ ಅಂತರವನ್ನು ಅಳೆದು, ಹೊಸದನ್ನು ಮೊದಲು ಅಷ್ಟಕ್ಕೇ ಹೊಂದಿಸಬೇಕು. ರಬ್ಬರ್ ಬುಷ್‌ಗಳಿರುವಲ್ಲಿ ಬೋಲ್ಟುಗಳನ್ನು ಕೊನೆಯದಾಗಿ ಬಿಗಿಯುವುದು ಕಾರಿನ ಭಾರ ಗಾಲಿಗಳ ಮೇಲೆ ಇರುವಾಗ. ಕಾರು ಮೇಲೆತ್ತಿರುವಾಗಲೇ ಬಿಗಿದರೆ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಆಮೇಲೆ ಅಲೈನ್‌ಮೆಂಟ್ ಯಂತ್ರದ ಮೇಲೆ ಮೊದಲು ಕ್ಯಾಂಬರನ್ನೂ ಅನಂತರ ಟೋವನ್ನೂ ಸರಿಪಡಿಸುತ್ತಾರೆ. ಒಂದನ್ನು ಮುಟ್ಟಿದರೆ ಮತ್ತೊಂದು ಕದಲುವುದರಿಂದ ಈ ಕ್ರಮ ಅನಿವಾರ್ಯ. ಲಾಕ್ ನಟ್ಟುಗಳನ್ನು ಬಿಗಿದು, ಕೆಲವು ನೂರು ಕಿಲೋಮೀಟರ್ ಓಡಿಸಿದ ಬಳಿಕ ಮತ್ತೊಮ್ಮೆ ಪರೀಕ್ಷಿಸುವುದು ಕ್ಷೇಮ. ರಬ್ಬರಿಲ್ಲದ ಉಕ್ಕಿನ ಕೀಲುಗಳುಳ್ಳ ತೋಳುಗಳು ಪಂದ್ಯದ ಕಾರಿಗೆ ಒಪ್ಪಬಹುದು. ಎರೆ ಭೂಮಿಯ ಧೂಳು ಕೆಸರುಗಳ ನಡುವೆ ಅವು ಬೇಗ ಸವೆದು ಸದ್ದುಮಾಡುತ್ತವೆಂದೇ ನಮ್ಮ ಅಭಿಪ್ರಾಯ.

ಹೀಗೆ ತಿದ್ದುವ ಅಧಿಕಾರ ಮರಳಿ ಕುಶಲಕರ್ಮಿಯ ಕೈಗೆ ಬಂದಿತೆಂದು ಹೇಳಬಹುದೇ? ಅರ್ಧ ಮಾತ್ರ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು, 2000ದಲ್ಲಿ ತಿದ್ದುಪಡಿಯಾದ ರೂಪದಲ್ಲಿ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಕಟ್ಟುನಿಟ್ಟಾಗಿಯೇ ವ್ಯಾಖ್ಯಾನಿಸಿತು. ತೋಳಿನ ಉದ್ದ ನೋಂದಣಿ ಪತ್ರದಲ್ಲಿ ನಮೂದಾಗುವ ವಿವರವಲ್ಲ. ಆದುದರಿಂದ ವಾಲನ್ನು ತಯಾರಕರ ಮಿತಿಯೊಳಕ್ಕೆ ಮರಳಿ ತರುವ ತಿದ್ದುಪಡಿಯನ್ನೂ ಅಂದಕ್ಕಾಗಿ ಕಾರನ್ನು ತಗ್ಗಿಸುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಉಚಿತವಲ್ಲವೆಂದು ನಮಗೆ ತೋರುತ್ತದೆ. ಆದರೆ ಅಪಘಾತವಾದಾಗ ವಿಮೆಯವರು ಈ ಸೂಕ್ಷ್ಮವನ್ನು ಒಪ್ಪುವರೆಂದು ನೆಚ್ಚಿಕೊಳ್ಳುವಂತಿಲ್ಲ.

ಅಲೈನ್‌ಮೆಂಟ್ ಯಂತ್ರವು ಕೆಲಸಕ್ಕೆ ಮೊದಲಿನ ಮತ್ತು ಅನಂತರದ ಅಂಕಿಗಳನ್ನು ಒಂದೇ ಹಾಳೆಯಲ್ಲಿ ಅಚ್ಚುಮಾಡಿ ಕೊಡುತ್ತದೆ. ಮಾಲೀಕರು ಅದನ್ನು ಕಾಗದಪತ್ರಗಳೊಡನೆ ಇಟ್ಟುಕೊಂಡರೆ ಅವರಿಗೆ ಅದೇ ಆಧಾರ. ಬಡಿಗನ ತಿದ್ದುಪಡಿಗಳಿಗೆ ಇಂತಹ ಲಿಖಿತ ದಾಖಲೆ ಇರಲಿಲ್ಲ. ಚಕ್ಕಡಿ ಕಟ್ಟಬಲ್ಲ ಹಿರಿಯರು ಇನ್ನೂ ಇರುವಾಗಲೇ ಅವರ ಅಳತೆಗಳನ್ನೂ ಪಾರಿಭಾಷಿಕ ಪದಗಳನ್ನೂ ಈ ಜಿಲ್ಲೆಯ ಕಾಲೇಜುಗಳ ವಿದ್ಯಾರ್ಥಿಗಳು ಬರೆದುಕೊಳ್ಳಲು ತೊಡಗಬಹುದು.