ಅಪ್ಪನಿಗೊಂದು ‘ಲೇಡೀಸ್ ಸೈಕಲ್’

ಹೋದ ತಿಂಗಳು ಊರಿಗೆ ಹೋದಾಗ ಅಪ್ಪನಿಗೊಂದು ಸೈಕಲ್ ಕೊಡಿಸೋಣ ಅಂತ ತಿಪಟೂರಿನ ಅಂಗಡಿಗೆ ಕರ್ಕೊಂಡು ಹೋಗಿದ್ದೆ. ಅಪ್ಪನಿಗೆ ಈಗ ಅರವತ್ತೆರಡು. ಮಂಡಿನೋವು ಶುರುವಾದ ಮೇಲೂ ಹಳೇ ಸೈಕಲ್ ಬಿಟ್ಟಿರಲಿಲ್ಲ. ಒಂದು ದಿನ ಕಾಲೆತ್ತಿ ದಾಟಿಸುವಾಗ ಪಂಚೆ ಸೀಟಿಗೆ ಸಿಕ್ಕಿ ಬಿದ್ದರು ನೋಡಿ, ಅವತ್ತು ಗೋಡೆಗೆ ಒರಗಿಸಿದವರು ಮತ್ತೆ ಮುಟ್ಟಲಿಲ್ಲ. ಸೈಕಲ್ ನಿಂತ ಮೇಲೆ ಸಂಜೆ ಗೆಳೆಯರ ಕಟ್ಟೆಗೆ ಹೋಗೋದೂ ನಿಂತುಹೋಯಿತು.

ಅಂಗಡಿಯವರು ನಡುವೆ ಬಾರ್ ಇಲ್ಲದ ಸೈಕಲ್ ತೋರಿಸಿದರು. ಅಪ್ಪ "ಇದು ಲೇಡೀಸ್ ಸೈಕಲ್ಲಲ್ವೇನೋ? ಈ ವಯಸ್ಸಲ್ಲಿ ನಾಲ್ಕು ಜನ ನಗಬೇಕಾ?" ಅಂದವರೇ ಹೊರಗೆ ನಡೆದುಬಿಟ್ಟರು!

ಹೌದಲ್ಲ, ಬಾರ್ ಇದ್ದರೆ ಗಂಡಸರದ್ದು, ಇಲ್ಲದಿದ್ದರೆ ಹೆಂಗಸರದ್ದು ಅಂತ ಮಾಡಿದ್ದು ಯಾರು? ಹುಡುಕುತ್ತಾ ಹೋದರೆ ಕಥೆ ಸ್ವಾರಸ್ಯವಾಗಿದೆ.

1817ರಲ್ಲಿ ಜರ್ಮನಿಯ ಮನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಎರಡು ಚಕ್ರದ ಮರದ ಗಾಡಿ ಓಡಿಸಿದ. ಅದಕ್ಕೆ ಪೆಡಲ್ ಇರಲಿಲ್ಲ, ಕಾಲಿನಿಂದ ನೆಲ ಒದ್ದುಕೊಂಡು ಹೋಗಬೇಕಿತ್ತು. ಎರಡೇ ವರ್ಷದಲ್ಲಿ, 1819ರಲ್ಲಿ, ಲಂಡನ್ನಿನ ಡೆನಿಸ್ ಜಾನ್ಸನ್ ಅದರ ನಡುಭಾಗ ತಗ್ಗಿಸಿ ಉದ್ದ ಲಂಗದ ಹೆಂಗಸರಿಗೆಂದೇ ಒಂದನ್ನು ಮಾಡಿದ. ನಮ್ಮ ‘ಲೇಡೀಸ್ ಸೈಕಲ್’ನ ಮುತ್ತಜ್ಜಿ ಅಂದರೆ ಇದೇ.

1870ರ ದಶಕದಲ್ಲಿ ಮುಂದಿನ ಚಕ್ರ ಐದಡಿಯವರೆಗೂ ಬೆಳೆಯಿತು. ಪೆಡಲ್ ನೇರ ಚಕ್ರಕ್ಕೇ ಇದ್ದದ್ದರಿಂದ ಚಕ್ರ ದೊಡ್ಡದಾದಷ್ಟೂ ಒಂದು ಸುತ್ತಿಗೆ ಹೆಚ್ಚು ದೂರ. ಆದರೆ ಒಂದು ಕಲ್ಲು ಅಡ್ಡ ಬಂದರೂ ಸವಾರ ಮುಂದಕ್ಕೆ ತಲೆಕೆಳಗಾಗಿ ಬೀಳುತ್ತಿದ್ದ. ಹಾಗಾಗಿ ಅದು ಗಟ್ಟಿಮುಟ್ಟಾದ ಹುಡುಗರ ಆಟ. ವಯಸ್ಸಾದವರಿಗೆ, ಹೆಂಗಸರಿಗೆ ಮೂರು ಚಕ್ರದ ಗಾಡಿಯೇ ಗತಿ. ಕೊವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಮಾಡಿದ ಸಾಲ್ವೋ ಎಂಬ ಮೂರು ಚಕ್ರದ ಗಾಡಿಯನ್ನು 1881ರಲ್ಲಿ ವಿಕ್ಟೋರಿಯಾ ರಾಣಿಯೇ ತರಿಸಿಕೊಂಡಳು, ಒಂದಲ್ಲ ಎರಡು! ಅದೇ ವರ್ಷ ಆಕೆಗೂ ಅರವತ್ತೆರಡು ತುಂಬಿತು.

1885ರಲ್ಲಿ ಜೇಮ್ಸ್‌ನ ಅಣ್ಣತಮ್ಮಂದಿರ ಮಗ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ತಂದ. ಚಕ್ರಗಳು ಹೆಚ್ಚುಕಮ್ಮಿ ಸಮ, ಹಿಂದಿನ ಚಕ್ರಕ್ಕೆ ಚೈನು, ಕಾಲಿಗೆ ನೆಲ ಹತ್ತಿರ. ಈ ಬಗೆಯ ಸೈಕಲ್‌ಗಳನ್ನು ಕರೆದದ್ದೇ ‘ಸೇಫ್ಟಿ’ ಅಂತ. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಡನ್‌ಲಪ್ ತನ್ನ ಪುಟ್ಟ ಮಗನ ಗಾಡಿ ಕುಲುಕಬಾರದೆಂದು ಗಾಳಿ ತುಂಬಿದ ಟೈರ್ ಮಾಡಿದ. ಬೀಳಬಾರದು, ಮೈ ನೋಯಬಾರದು ಅಂದುಕೊಂಡು ಮಾಡಿದ್ದೇ ಕೊನೆಗೆ ಎಲ್ಲರ ಸೈಕಲ್ ಆಯಿತು.

ಇನ್ನು ಬಾರ್ ವಿಷಯ. ಬಿ.ಇ.ಯಲ್ಲಿ ಸೇತುವೆಯ ಟ್ರಸ್ ಲೆಕ್ಕ ಮಾಡಿದವರಿಗೆ ಗೊತ್ತು, ತ್ರಿಕೋನ ಸುಲಭಕ್ಕೆ ಬಗ್ಗುವುದಿಲ್ಲ. ಕಡಿಮೆ ತೂಕದಲ್ಲಿ ಗಟ್ಟಿ ಇರಲಿ ಅಂತ ಆ ಬಾರ್, ಅದಕ್ಕೂ ಗಂಡಸುತನಕ್ಕೂ ಸಂಬಂಧವಿಲ್ಲ. ಉದ್ದ ಲಂಗಕ್ಕಾಗಿ ಅದನ್ನು ಬಿಟ್ಟರು, ಚೈನಿಗೆ ಕವರ್ ಹಾಕಿದರು, ಹಿಂದಿನ ಚಕ್ರಕ್ಕೆ ಬಲೆ ಕಟ್ಟಿದರು. ಅಂದರೆ ಹೆಸರು ಬಂದದ್ದು ಬಟ್ಟೆಯಿಂದ. ಪಂಚೆಯೂ ಉದ್ದ ಬಟ್ಟೆಯೇ ತಾನೆ? ಪಂಚೆ ಉಟ್ಟವರ ನಾಡಿಗೆ ಪ್ಯಾಂಟಿನವರ ಸೈಕಲ್ ಬಂತು, ನಾವು ಪಂಚೆ ಎತ್ತಿಕಟ್ಟಿ ಸುಮ್ಮನಾದೆವು! ನೆದರ್ಲೆಂಡ್ಸ್‌ನಲ್ಲಿ ಈ ಮಾದರಿಗೆ ‘ಅಜ್ಜಿ ಸೈಕಲ್’ ಎಂದೇ ಹೆಸರು, ಆದರೂ ಗಂಡಸರು ನಾಚಿಕೆಯಿಲ್ಲದೆ ಓಡಿಸುತ್ತಾರೆ.

ಮಾರನೇ ದಿನ ಅಪ್ಪನಿಗೆ ಇಷ್ಟೂ ಹೇಳಿದೆ. ಟಾಲ್‌ಸ್ಟಾಯ್ ಸೈಕಲ್ ಕಲಿತದ್ದು 1895ರಲ್ಲಿ, ಅರವತ್ತೇಳರ ಹೊತ್ತಿಗೆ ಅಂತಲೂ ಸೇರಿಸಿದೆ. ಅಪ್ಪ ಸುಮ್ಮನೆ ಕೇಳಿ, "ರಾಣಿಗೆ ಮೂರು ಚಕ್ರ ಬೇಕಾಯ್ತು, ನನಗೆ ಎರಡೇ ಸಾಕು, ನಡಿ" ಅಂದರು.

ಬಾರ್ ಇಲ್ಲದ್ದನ್ನೇ ತಂದೆವು. ಬೆನ್ನು ನೆಟ್ಟಗಿರುವಂತೆ ಹ್ಯಾಂಡಲ್ ಎತ್ತರ. ಹಾಗೆ ಕೂತರೆ ಮೈಭಾರವೆಲ್ಲ ಸೀಟಿನ ಮೇಲೆ, ಅದಕ್ಕೇ ಸ್ಪ್ರಿಂಗಿನ ಅಗಲ ಸೀಟು. ತೀರಾ ತಗ್ಗಿಸಿದರೆ ಮಂಡಿ ಹೆಚ್ಚು ಮಡಚಿ ನೋಯುತ್ತೆ, ತೀರಾ ಏರಿಸಿದರೆ ನಿಂತಾಗ ಕಾಲು ಎಟುಕಲ್ಲ. ನಾಲ್ಕು ಸಲ ಇಳಿಸಿ ಹತ್ತಿಸಿ ಸೀಟಿನ ಎತ್ತರ ಗೊತ್ತುಮಾಡಿದೆವು.

ಅವತ್ತು ಸಂಜೆ ಅಪ್ಪ ಕಟ್ಟೆಗೆ ಹೋಗಿ ದೀಪ ಹತ್ತಿದ ಮೇಲೆ ಬಂದರು. ಯಾರಾದ್ರೂ ನಕ್ಕರಾ ಅಂತ ಕೇಳಿದೆ.

"ನಗೋದೆಲ್ಲಿ ಬಂತು? ಎಲ್ಲರೂ ಒಂದೊಂದು ರೌಂಡ್ ಹೊಡೆದ್ರು, ಅದಕ್ಕೇ ತಡ ಆಯ್ತು."